ಠಾಣೆಗೆ ಇಷ್ಟು ಕೇಸು

ತಿಂಗಳ ಕೊನೆ ಹತ್ತಿರವಾಯಿತೆಂದರೆ ಬೆಂಗಳೂರಿನ ಸ್ಕೂಟರ್ ಸವಾರರ ಬಾಯಲ್ಲಿ ಒಂದೇ ಮಾತು: ‘ಹುಷಾರು, ಟಾರ್ಗೆಟ್ ಇರತ್ತೆ, ಹಿಡೀತಾರೆ.’ ಅಂಜನಾಪುರದಿಂದ ಕನಕಪುರ ರಸ್ತೆಗೆ ಬರುವವರೂ ಇದನ್ನು ಹೇಳುತ್ತಾರೆ, ಬನ್ನೇರುಘಟ್ಟ ರಸ್ತೆಗೆ ಹೋಗುವವರೂ ಹೇಳುತ್ತಾರೆ. ಸಂಚಾರ ಪೊಲೀಸರಿಗೆ ಇಂತಿಷ್ಟು ಕೇಸು ಹಾಕಲೇಬೇಕೆಂಬ ಗುರಿ ಇದೆಯೇ ಎಂದು ಕೇಳಿದಾಗ ಹಿರಿಯ ಅಧಿಕಾರಿಗಳು ಇಲ್ಲವೆಂದೇ ಹೇಳುತ್ತ ಬಂದಿದ್ದಾರೆ. ಕಾನೂನಿನಲ್ಲೂ ಅಂಥದ್ದು ಇಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರವನ್ನು ಕೊಡುತ್ತದೆ. ದಿನಕ್ಕೆ ಎಷ್ಟು ಮುಗಿಸಬೇಕೆಂದು ಹೇಳುವುದಿಲ್ಲ.

ಆದರೂ ಜನ ನಂಬುತ್ತಿಲ್ಲ. ಅವರನ್ನು ದೂರುವ ಮೊದಲು ಇಲಾಖೆ ತನ್ನ ಕೆಲಸವನ್ನು ಊರಿಗೆ ಹೇಗೆ ಒಪ್ಪಿಸುತ್ತಿದೆ ಎಂಬುದನ್ನು ನೋಡಬೇಕು. ಪ್ರತಿ ವಿಶೇಷ ಕಾರ್ಯಾಚರಣೆಯ ಬಳಿಕ ಹೊರಬೀಳುವ ಪ್ರಕಟಣೆಯಲ್ಲಿ ಇರುವುದು ಎರಡೇ ಅಂಕಿ: ದಾಖಲಾದ ಪ್ರಕರಣ, ವಸೂಲಾದ ರೂಪಾಯಿ. ಬಿಸಿಲು, ಹೊಗೆಯಲ್ಲಿ ನಿಂತು ಎಂಟು ತಾಸು ವೃತ್ತವೊಂದನ್ನು ಸರಾಗವಾಗಿ ನಡೆಸಿದ ಪೇದೆಯ ದುಡಿಮೆ ಯಾವ ವರದಿಗೂ ಸೇರುವುದಿಲ್ಲ. ಅಲ್ಲಿ ಏನೂ ಆಗಲಿಲ್ಲ ಎಂಬುದೇ ಅವನ ಸಾಧನೆ, ಅದಕ್ಕೆ ರಸೀದಿ ಇಲ್ಲ. ಕೇಸಿಗೆ ರಸೀದಿ ಇದೆ. ಬರವಣಿಗೆಯಲ್ಲಿ ಗುರಿ ಕೊಡಬೇಕಾಗಿಯೇ ಇಲ್ಲ. ಎಣಿಕೆಗೆ ಸಿಗುವುದು ಕೇಸು ಮಾತ್ರ ಎಂದು ಗೊತ್ತಾದರೆ ಸಾಕು, ಕೆಳಗಿನವರು ತಾವಾಗಿಯೇ ಅದರ ಹಿಂದೆ ಬೀಳುತ್ತಾರೆ.

ಸರ್ಕಾರದ ನಡೆ ಇದನ್ನು ಇನ್ನಷ್ಟು ಗಟ್ಟಿ ಮಾಡಿದೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಒಂಬತ್ತೇ ದಿನಗಳಲ್ಲಿ ಬೆಂಗಳೂರಿನಲ್ಲಿ 120 ಕೋಟಿ ರೂಪಾಯಿ ಬಂತು. 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ರಿಯಾಯಿತಿ, ಮತ್ತೆ 100 ಕೋಟಿ ದಾಟಿದ ವಸೂಲಿ. ಸಿಗ್ನಲ್ ಮುರಿದದ್ದು ಅಪಾಯದ ತಪ್ಪು ಎಂದು ವಿಧಿಸಿದ ಶಿಕ್ಷೆಯನ್ನು ಕಾದು ಕುಳಿತರೆ ಅರ್ಧಕ್ಕೆ ಇಳಿಸಬಹುದು ಎಂದಾದ ಮೇಲೆ, ಅದು ತೆರಿಗೆ ಬಾಕಿಯಂತೆಯೇ ಕಾಣುತ್ತದೆ. ಟೋಯಿಂಗ್ ಕಾಲವನ್ನೂ ನೆನೆಯಬೇಕು. ಎತ್ತಿದ ವಾಹನಗಳ ಸಂಖ್ಯೆಯ ಮೇಲೆ ಖಾಸಗಿ ಗುತ್ತಿಗೆದಾರರ ಗಳಿಕೆ ನಿಂತಿದ್ದ ಆ ವ್ಯವಸ್ಥೆ ಜನರ ಆಕ್ರೋಶಕ್ಕೆ ಸಿಕ್ಕಿ 2022ರ ಫೆಬ್ರುವರಿಯಲ್ಲಿ ನಿಂತಿತು.

ಸಂಖ್ಯೆಯ ಒತ್ತಡ ಏನು ಮಾಡುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಸಾಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೊಲೀಸರು ಐದೂವರೆ ವರ್ಷಗಳಲ್ಲಿ 2.58 ಲಕ್ಷ ಮದ್ಯ ತಪಾಸಣೆಗಳನ್ನು ಸುಳ್ಳೇ ದಾಖಲಿಸಿದ್ದರೆಂದು 2018ರಲ್ಲಿ ಬಯಲಾಯಿತು. ಚಾಲಕರು ಊದಬೇಕಾದ ಕೊಳವೆಗೆ ಪೊಲೀಸರೇ ಊದಿ ಲೆಕ್ಕ ಭರ್ತಿ ಮಾಡಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್ ರಾಜ್ಯಗಳು ಇಂಥ ಗುರಿಗಳನ್ನು ಕಾನೂನಿನಿಂದಲೇ ನಿಷೇಧಿಸಿವೆ.

ನಮ್ಮಲ್ಲಿ ನಷ್ಟ ಇನ್ನೂ ಘೋರವಾದದ್ದು. 2025ರ ಮೇ 26ರಂದು ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆಂದು ಬೈಕ್ ತಡೆದಾಗ, ನಾಯಿ ಕಚ್ಚಿದ್ದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ದಂಪತಿ ಆಯತಪ್ಪಿ ಬಿದ್ದರು. ಮೂರೂವರೆ ವರ್ಷದ ಆ ಮಗು ಲಾರಿಗೆ ಸಿಕ್ಕಿ ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ವಾಹನ ತಡೆಯಬಾರದು ಎಂದು 2022ರಲ್ಲೇ ಡಿಜಿಪಿ ಪ್ರವೀಣ್ ಸೂದ್ ಹೇಳಿದ್ದರು. ಮಂಡ್ಯದ ಘಟನೆಯ ನಂತರ ಡಿಜಿಪಿ ಎಂ.ಎ. ಸಲೀಂ, ದಿಢೀರನೆ ಅಡ್ಡಗಟ್ಟಬೇಡಿ, ಕೀಲಿ ಕಿತ್ತುಕೊಳ್ಳಬೇಡಿ ಎಂದು ಸೂಚಿಸಿದರು. ಸೂಚನೆಗಳು ಸರಿಯಾಗಿವೆ. ಠಾಣೆಯ ಅಳತೆಗೋಲು ಮಾತ್ರ ಹಳೆಯದೇ ಉಳಿದರೆ ರಸ್ತೆಯಲ್ಲಿ ನಿಂತವನು ಅಳತೆಗೋಲಿಗೇ ಓಗೊಡುತ್ತಾನೆ.

ಬೆಂಗಳೂರಿನ ಬಹುಪಾಲು ಕೇಸುಗಳು ಈಗ ಕ್ಯಾಮೆರಾದಿಂದಲೇ ಬರುತ್ತಿವೆ. 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಹಾಗೂ ಸಿಗ್ನಲ್ ಉಲ್ಲಂಘನೆ ಹಿಡಿಯುವ 80 ಕ್ಯಾಮೆರಾಗಳು ಕೆಲಸ ಆರಂಭಿಸಿದವು. ಹೀಗಿರುವಾಗ ಮನುಷ್ಯರನ್ನು ಕೇಸು ಹಿಡಿಯಲು ತಿರುವುಗಳಲ್ಲಿ ನಿಲ್ಲಿಸುವ ಅಗತ್ಯವೇನಿದೆ? ಅವರು ಬೇಕಾಗಿರುವುದು ಜಂಕ್ಷನ್‌ನಲ್ಲಿ, ಶಾಲೆಗಳ ಮುಂದೆ, ರಾತ್ರಿ ಟಿಪ್ಪರ್‌ಗಳು ನುಗ್ಗುವ ದಾರಿಗಳಲ್ಲಿ.

ಅಂಜನಾಪುರವನ್ನೇ ನೋಡಿ. ಬಿಡಿಎ ನಿವೇಶನ ಹಂಚಿ ಎರಡು ದಶಕ ಕಳೆದ ಈ ಬಡಾವಣೆಯಲ್ಲಿ ನೀರಿನ ಕೊಳವೆಗೆ, ಒಳಚರಂಡಿಗೆ ಅಗೆದ ರಸ್ತೆಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಬಂದರೂ ಒಳಗಿನ ಬ್ಲಾಕ್‌ಗಳಿಂದ ನಿಲ್ದಾಣ ಮುಟ್ಟಲು ಹೆಚ್ಚಿನವರಿಗೆ ಸ್ಕೂಟರೇ ಗತಿ. ಗುಂಡಿ ತಪ್ಪಿಸಲು ಎದುರು ಬದಿಗೆ ಸರಿದವರ ಮೇಲೆ ಕೇಸು ಸುಲಭ. ಅಗೆದು ಬಿಟ್ಟುಹೋದವರ ಮೇಲೆ?

ಅದಕ್ಕೂ ಕಾನೂನಿದೆ. ಸವಾರರ ದಂಡವನ್ನು ಹಲವು ಪಟ್ಟು ಏರಿಸಿದ 2019ರ ತಿದ್ದುಪಡಿಯೇ 198ಎ ಕಲಂ ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಹೆಲ್ಮೆಟ್ ಇಲ್ಲದವರಿಗೆ 500 ರೂಪಾಯಿ ಎಂಬುದು ಈ ಊರಿನ ಮಕ್ಕಳಿಗೂ ಗೊತ್ತು. 198ಎ ಎಷ್ಟು ಜನರ ಕಿವಿಗೆ ಬಿದ್ದಿದೆ?

ನಾವು ಹೆಲ್ಮೆಟ್ ವಿರೋಧಿಗಳಲ್ಲ. ವರ್ಷಕ್ಕೆ 900ರ ಆಸುಪಾಸು ಜನರನ್ನು ರಸ್ತೆಯಲ್ಲಿ ಕಳೆದುಕೊಳ್ಳುವ ನಗರದಲ್ಲಿ ಕಟ್ಟುನಿಟ್ಟು ಬೇಕೇ ಬೇಕು. ಅದಕ್ಕಾಗಿಯೇ ಗೃಹ ಇಲಾಖೆಯಿಂದ ಮೂರು ಕೆಲಸ ಬಯಸುತ್ತೇವೆ. ಕೇಸುಗಳ ಸಂಖ್ಯೆಯ ಗುರಿ ನಿಷಿದ್ಧವೆಂದು ಲಿಖಿತ ಆದೇಶ ಹೊರಡಲಿ. ಠಾಣೆಯ ಪರಿಶೀಲನಾ ಸಭೆಯಲ್ಲಿ ಆ ವ್ಯಾಪ್ತಿಯ ಸಾವುನೋವು ಮೊದಲು ಚರ್ಚೆಯಾಗಲಿ, ಕೇಸಿನ ಲೆಕ್ಕ ಕೊನೆಗೆ ಬರಲಿ. ಪ್ರತಿ ತಿಂಗಳ ಪ್ರಕಟಣೆಯಲ್ಲಿ ವಸೂಲಾದ ಮೊತ್ತದ ಪಕ್ಕದಲ್ಲೇ 198ಎ ಅಡಿ ದಾಖಲಾದ ಪ್ರಕರಣಗಳ ಸಂಖ್ಯೆಯೂ ಇರಲಿ, ಅದು ಸೊನ್ನೆಯಾಗಿದ್ದರೂ ಸರಿ.