ಗೋಡೆಯೂ ಗೋಲೂ

2025ನೆಯ ಇಸವಿ ನವೆಂಬರ್ 18ರಂದು ಢಾಕಾ ನಗರದಲ್ಲಿ ನಡೆದ ಪಂದ್ಯದಲ್ಲಿ ಭಾರತದ ಕಾಲ್ಚೆಂಡಾಟದ ತಂಡವು ಬಾಂಗ್ಲಾದೇಶಕ್ಕೆ ಒಂದು ಗೋಲಿನಿಂದ ಸೋತಿತು. ಹನ್ನೊಂದನೆಯ ನಿಮಿಷದಲ್ಲಿ ಬಿದ್ದ ಆ ಒಂದು ಗೋಲನ್ನು ಉಳಿದ ಅಷ್ಟು ಹೊತ್ತಿನಲ್ಲಿಯೂ ತೀರಿಸುವುದಕ್ಕೆ ನಮ್ಮವರಿಂದಾಗಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಬಾಂಗ್ಲಾದೇಶದವರು ನಮ್ಮನ್ನು ಗೆದ್ದುದು ಅದೇ ಮೊದಲು. ಅದಕ್ಕೂ ಒಂದು ತಿಂಗಳ ಹಿಂದೆ, ಅಕ್ಟೋಬರ್ 14ರಂದು, ಗೋವೆಯ ಮಡಗಾಂವಿನಲ್ಲಿ ಸಿಂಗಪುರಕ್ಕೆ 2–1ರಿಂದ ಸೋತು 2027ರ ಏಷ್ಯನ್ ಕಪ್ಪಿನ ಆಸೆಗೆ ಎಳ್ಳುನೀರು ಬಿಟ್ಟಾಗಿತ್ತು. 2023ರ ಜುಲೈ ತಿಂಗಳಲ್ಲಿ ಜಗತ್ತಿನ ತಂಡಗಳ ಪಟ್ಟಿಯಲ್ಲಿ 99ನೆಯದಾಗಿದ್ದ ಭಾರತವು ಢಾಕಾದ ಸೋಲಿನ ನಂತರ 142ನೆಯ ಸ್ಥಾನಕ್ಕೆ ಇಳಿಯಿತು. ಎರಡು ವರ್ಷ ನಾಲ್ಕು ತಿಂಗಳಲ್ಲಿ ನಲವತ್ತಮೂರು ಮೆಟ್ಟಿಲು!

ಈ ಇಳಿತವನ್ನು ಕುರಿತು ಅಭಿಮಾನಿಗಳಲ್ಲಿ ನಡೆಯುತ್ತಿರುವ ವಾದವು ವಾಚಕರಿಗೆ ತಿಳಿಯದುದಲ್ಲ. ಒಂದು ಪಕ್ಷದವರು ಹೇಳುವುದೇನೆಂದರೆ, ನಮ್ಮ ತಂಡವು ಆಡುವುದನ್ನೇ ಬಿಟ್ಟು ಕಾಯುವುದನ್ನು ಕಲಿತಿದೆ. ಹತ್ತು ಮಂದಿಯನ್ನು ತಮ್ಮ ಗೋಲಿನ ಮುಂದೆ ಸಾಲುಗಟ್ಟಿ ನಿಲ್ಲಿಸಿ ದೈವದ ಮೇಲೆ ಭಾರ ಹಾಕುವುದೇ ಒಂದು ತಂತ್ರವಾಗಿದೆ. ಇಂತಹ ಆಟವನ್ನು ನೋಡುವುದಕ್ಕೆ ಹಣವನ್ನೂ ಹೊತ್ತನ್ನೂ ಕಳೆದುಕೊಂಡು ಯಾರು ತಾನೆ ಬಂದಾರು? ಮತ್ತೊಂದು ಪಕ್ಷದವರು ಇದಕ್ಕೆ ಪ್ರತಿಯಾಗಿ, ಶಕ್ತಿಯಿಲ್ಲದವನು ಬಾಗಿಲು ಹಾಕಿಕೊಳ್ಳದೆ ಬೀದಿಗೆ ಬಂದು ತೊಡೆ ತಟ್ಟಬೇಕೆ, ಉತ್ತರಕುಮಾರನ ಪೌರುಷವು ನಮಗೆ ಬೇಕೆ, ಎಂದು ಕೇಳುತ್ತಾರೆ. ಎರಡೂ ಪಕ್ಷಗಳಲ್ಲಿ ಸತ್ಯಾಂಶವುಂಟು. ಆದರೆ ಎರಡೂ ಪಕ್ಷದವರು ಕಡೆಗೆ ಬಂದು ನಿಲ್ಲುವುದು ಒಂದೇ ಕಡೆ: ಶಿಕ್ಷಕನನ್ನು ಉಳಿಸಬೇಕೆ, ಕಳುಹಿಸಬೇಕೆ, ಎಂಬಲ್ಲಿ. ವಾದವು ದಾರಿ ತಪ್ಪುವುದು ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಕಾಯುವ ಆಟವೇ ಹೇಡಿಯ ಆಟವೆಂಬುದನ್ನು ನಾವು ಒಪ್ಪಲಾರೆವು. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ, ಅದೇ ವರ್ಷ ಏಷ್ಯದ ಚಾಂಪಿಯನ್ನರಾಗಿದ್ದ ಕತಾರದವರನ್ನು ಅವರ ನೆಲದಲ್ಲಿಯೇ ಒಂದು ಗೋಲೂ ಹೊಡೆಯಗೊಡದೆ ಹಿಂದಕ್ಕೆ ಕಳುಹಿಸಿದುದು ಭಾರತದ ತಂಡವೇ. ಅಂದು ನಾಯಕರಾದ ಶ್ರೀ ಸುನಿಲ್ ಛೇತ್ರಿಯವರು ಅಸ್ವಸ್ಥರಾಗಿ ಆಡಿರಲಿಲ್ಲ. ಗೋಲುರಕ್ಷಕ ಶ್ರೀ ಗುರುಪ್ರೀತ್ ಸಿಂಗ್ ಸಂಧು ಅವರು ಮಾಡಿದ ಕೆಲಸವನ್ನು ಕಂಡವರು ಅದನ್ನು ಹೇಡಿತನವೆಂದು ಕರೆಯಲಾರರು. ಬಲಿಷ್ಠನ ಮನೆಯಲ್ಲಿ ಗೋಡೆ ಕಟ್ಟಿ ನಿಲ್ಲುವುದು ವಿವೇಕ. ಆದರೆ ಅದಾದ ಐದು ವಾರಗಳಿಗೆ, ಅಕ್ಟೋಬರ್ 15ರಂದು, ಕಲ್ಕತ್ತೆಯ ಕಿಕ್ಕಿರಿದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬಾಂಗ್ಲಾದೇಶದ ಎದುರು ಅದೇ ತಂಡವು ಒಂದು ಗೋಲಿನ ಹಿನ್ನಡೆಯಲ್ಲಿ ಚಡಪಡಿಸಿ, 88ನೆಯ ನಿಮಿಷದಲ್ಲಿ ಆದಿಲ್ ಖಾನರ ತಲೆಯಿಂದ ಬಂದ ಗೋಲಿನಿಂದ ಹೇಗೋ ಸಮಸಮ ಮಾಡಿಕೊಂಡಿತು. ಆ ಗೋಲು ಕೂಡ ರಕ್ಷಣೆಯ ಆಟಗಾರನೊಬ್ಬನದು ಎಂಬುದನ್ನು ಗಮನಿಸಬೇಕು. ದೋಹಾದಲ್ಲಿ ಗೋಡೆಯು ಸಾಕಾಗಿತ್ತು. ಕಲ್ಕತ್ತೆಯಲ್ಲಿ ಬೇಕಾದುದು ಬೇರೊಂದು, ಅದು ನಮ್ಮಲ್ಲಿರಲಿಲ್ಲ.

ಗೋಡೆಯನ್ನೇ ನಂಬಿದವರ ಕತೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ 2019ರ ಜನವರಿ 14ರ ಷಾರ್ಜಾ ಪಂದ್ಯವನ್ನು ಸ್ಮರಿಸಬೇಕು. ಅಂದು ಶಿಕ್ಷಕರಾಗಿದ್ದವರು ಮಿ. ಸ್ಟೀಫನ್ ಕಾನ್‌ಸ್ಟಂಟೈನ್. ಏಷ್ಯನ್ ಕಪ್ಪಿನ ಮೊದಲ ಪಂದ್ಯದಲ್ಲಿ ಥಾಯ್ಲೆಂಡನ್ನು 4–1ರಿಂದ ಬಡಿದಿದ್ದ ಭಾರತವು, ಎರಡನೆಯದರಲ್ಲಿ ಯು.ಎ.ಇ. ತಂಡಕ್ಕೆ 2–0ಯಿಂದ ಸೋತರೂ ಚೆಂಡನ್ನು ಎರಡು ಸಲ ಗೋಲಿನ ಅಡ್ಡದಂಡಕ್ಕೆ ಬಡಿದು ಮೆಚ್ಚುಗೆ ಗಳಿಸಿತ್ತು. ಮೂರನೆಯ ಪಂದ್ಯ ಬಹರೇನಿನ ಮೇಲೆ. ಸಮಸಮವಾದರೆ ಸಾಕು, ಮುಂದಿನ ಸುತ್ತು ನಮ್ಮದು. ಈ 'ಸಾಕು' ಎಂಬ ಮಾತೇ ಮೃತ್ಯುವಾಯಿತು. ಹೊತ್ತು ಕಳೆದಂತೆಲ್ಲ ನಮ್ಮವರು ಹಿಂದೆ ಹಿಂದೆ ಸರಿದರು. ತೊಂಬತ್ತು ನಿಮಿಷಗಳು ತುಂಬಿದವು. ತೊಂಬತ್ತೊಂದನೆಯ ನಿಮಿಷದಲ್ಲಿ ಪೆನಾಲ್ಟಿ, ಅದರಿಂದ ಗೋಲು, ಅಲ್ಲಿಗೆ ಎಲ್ಲವೂ ಮುಗಿಯಿತು. ಪಂದ್ಯವಾದೊಡನೆಯೇ ಶಿಕ್ಷಕರು ರಾಜೀನಾಮೆಯನ್ನು ಕೊಟ್ಟರು.

ಭಾರತಯುದ್ಧದ ಹದಿನಾಲ್ಕನೆಯ ದಿನವನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಿಕ್ಕಿಲ್ಲ. ಸೈಂಧವನನ್ನು ಸೂರ್ಯಾಸ್ತದವರೆಗೆ ಕಾಪಾಡಿದರೆ ಸಾಕು ಎಂದು ದ್ರೋಣಾಚಾರ್ಯನಂತಹ ಆಚಾರ್ಯನು ವ್ಯೂಹದೊಳಗೆ ವ್ಯೂಹವನ್ನು ರಚಿಸಿದನು. ಮಹಾರಥರೆಲ್ಲರೂ ದಿನವಿಡೀ ಒಬ್ಬನನ್ನು ಕಾದರು. ಹೊತ್ತು ಮುಳುಗಿತೆಂದು ತಲೆಯೆತ್ತಿದ ಕ್ಷಣದಲ್ಲಿಯೇ ತಲೆ ಹೋಯಿತು. ಕೌರವರು ಆ ದಿನ ಗೆಲ್ಲಲು ಬಂದವರಲ್ಲ, ಹೊತ್ತು ಕಳೆಯಲು ಬಂದವರು.

ಷಾರ್ಜಾದಲ್ಲಿ ಆದುದನ್ನು ಕೇವಲ ದುರದೃಷ್ಟವೆಂದು ತಳ್ಳಿಹಾಕಬಹುದಾಗಿತ್ತು, ಅದು ಒಂದೇ ಸಲ ನಡೆದಿದ್ದರೆ. 2024ರ ಮಾರ್ಚ್ 26ರಂದು ಗೌಹಾತಿಯಲ್ಲಿ, ಛೇತ್ರಿಯವರ ನೂರೈವತ್ತನೆಯ ಪಂದ್ಯದಲ್ಲಿ, ಅವರೇ ಹೊಡೆದ ಗೋಲಿನಿಂದ ಮುಂದಿದ್ದ ಭಾರತವು 88ನೆಯ ನಿಮಿಷದ ಪೆನಾಲ್ಟಿಯಿಂದ ಅಫ್ಘಾನಿಸ್ತಾನಕ್ಕೆ 2–1ರಿಂದ ಸೋತಿತು. 2025ರ ಜೂನ್ 10ರಂದು ಹಾಂಗ್‌ಕಾಂಗಿನಲ್ಲಿ, ಸೇರಿಸಿದ ಹೊತ್ತಿನಲ್ಲಿ, ಮತ್ತೆ ಪೆನಾಲ್ಟಿ, ಮತ್ತೆ 1–0. ಬೇರೆ ಬೇರೆ ವರ್ಷ, ಬೇರೆ ಬೇರೆ ಊರು, ಬೇರೆ ಬೇರೆ ಶಿಕ್ಷಕರು. ಸೋಲಿನ ಘಳಿಗೆ ಮಾತ್ರ ಒಂದೇ! ಇದಕ್ಕೆ ಜ್ಯೋತಿಷ್ಯವನ್ನು ಕೇಳಬೇಕಾಗಿಲ್ಲ. ಹಿಂದೆ ಕುಳಿತ ತಂಡವು ಚೆಂಡನ್ನು ಎಷ್ಟು ದೂರ ಒದ್ದರೂ, ಅದನ್ನು ಮುಂದೆ ಹಿಡಿದು ನಿಲ್ಲಿಸಿಕೊಳ್ಳುವವನೊಬ್ಬನು ಇಲ್ಲದಿದ್ದರೆ, ಅದು ಗೋಡೆಗೆ ಎಸೆದ ಕಲ್ಲಿನಂತೆ ಮರುಕ್ಷಣದಲ್ಲಿ ಹಿಂದಿರುಗುತ್ತದೆ. ಎದುರಾಳಿಯು ಚೆಂಡನ್ನು ಓಡಿಸುತ್ತಾನೆ, ನಾವು ಚೆಂಡಿನ ಹಿಂದೆ ಓಡುತ್ತೇವೆ. ಹೀಗೆ ಎಂಬತ್ತು ನಿಮಿಷಗಳಾದ ಮೇಲೆ ಕಾಲು ಸೋಲುತ್ತದೆ, ಕಾಲಿಗಿಂತ ಮೊದಲು ಬುದ್ಧಿ ಸೋಲುತ್ತದೆ. ಒಂದು ಗಜ ತಡವಾಗಿ ಬಂದವನು ಚೆಂಡಿಗೆ ಬದಲಾಗಿ ಎದುರಾಳಿಯ ಕಾಲನ್ನು ತಗಲುತ್ತಾನೆ. ಅದು ನಡೆಯುವುದು ಎಲ್ಲಿ? ತಂಡವೆಲ್ಲವೂ ಗೋಲಿನ ಮುಂದೆಯೇ ಇರುವಾಗ, ಪೆನಾಲ್ಟಿಯ ಗೆರೆಯೊಳಗೆ ಅಲ್ಲದೆ ಮತ್ತೆಲ್ಲಿ?

ರಕ್ಷಣೆಗೆ ಹೆಸರಾದ ದೇಶಗಳನ್ನು ನೋಡಿದರೂ ಗೋಡೆಯೊಂದೇ ಯಾರನ್ನೂ ಕಾಪಾಡಿಲ್ಲ. 1960ರ ದಶಕದಲ್ಲಿ ಹೆಲೆನಿಯೋ ಹೆರೇರಾ ಎಂಬ ಶಿಕ್ಷಕನ ಕೈಕೆಳಗೆ ಮಿಲಾನಿನ ಇಂಟರ್ ತಂಡವು ಬಾಗಿಲ ಅಗಳಿಯ ಹೆಸರಿನ ಆಟದಿಂದ ಯೂರೋಪನ್ನು ಗೆದ್ದಿತು. ಆದರೆ ಆ ತಂಡದ ಎಡಗಡೆಯ ಬ್ಯಾಕ್ ಆದ ಫಾಕೆಟ್ಟಿಯು ಸಮಯ ಸಿಕ್ಕಿದೊಡನೆ ಮೈದಾನದ ಉದ್ದಕ್ಕೂ ನುಗ್ಗಿ ಗೋಲು ಹೊಡೆಯುತ್ತಿದ್ದನು. ಅದೇ ತಂಡವು 1967ರಲ್ಲಿ ಲಿಸ್ಬನ್ನಿನ ಅಂತಿಮ ಪಂದ್ಯದಲ್ಲಿ ಏಳನೆಯ ನಿಮಿಷಕ್ಕೇ ಒಂದು ಗೋಲು ಗಳಿಸಿ, ಅದನ್ನು ಕಾಯುತ್ತ ಕುಳಿತು, ಗ್ಲಾಸ್ಗೋದ ಸೆಲ್ಟಿಕ್ ತಂಡಕ್ಕೆ 2–1ರಿಂದ ಸೋತಿತು. 2004ರಲ್ಲಿ ಯೂರೋಪಿನ ಕಪ್ಪನ್ನು ಗೆದ್ದ ಗ್ರೀಸಿನವರೂ ಕಾಯುವವರೇ. ಫ್ರಾನ್ಸ್, ಚೆಕ್, ಪೋರ್ತುಗಲ್ ಮೂರನ್ನೂ 1–0ಯಿಂದ ಗೆದ್ದರು. ಆ 'ಒಂದು' ಎಲ್ಲಿಂದ ಬಂದಿತೆಂಬುದನ್ನು ನಮ್ಮವರು ಮರೆಯುತ್ತಾರೆ. ಅವರ ಕೋಟೆಗೆ ಬಾಗಿಲಿತ್ತು, ಬಾಗಿಲಿನಿಂದ ಹೊರಬಿದ್ದು ಹೊಡೆದು ಬರುವ ಆಳುಗಳಿದ್ದರು. ನಮ್ಮ ಕೋಟೆಯ ನಾಲ್ಕು ಕಡೆಯೂ ಗೋಡೆ.

ಹಿಂದೆ ಹೀಗಿರಲಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಭಾರತೀಯರ ತಂಡವೊಂದು ಮೊಟ್ಟಮೊದಲು ಗೆದ್ದಾಗ ಆ ತಂಡವು ನಮ್ಮ ಬೆಂಗಳೂರು ಮುಸ್ಲಿಮ್ಸ್ ಆಗಿತ್ತು. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತವು ಫ್ರಾನ್ಸಿಗೆ 2–1ರಿಂದ ಸೋತಿತು. ಅಂದು ನಮ್ಮ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಎಸ್. ರಾಮನ್. ಆ ಸೋಲೂ ಕಡೆಯ ಘಳಿಗೆಯಲ್ಲಿಯೇ ಬಂದಿತೆಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಅಂದು ನಮ್ಮವರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಸೋತರು. ಎದುರಾಳಿಯ ಗೆರೆಯೊಳಗೆ ನುಗ್ಗದವರಿಗೆ ಕಳೆದುಕೊಳ್ಳುವುದಕ್ಕಾದರೂ ಎರಡು ಪೆನಾಲ್ಟಿಗಳು ಎಲ್ಲಿಂದ ದೊರೆತಾವು? ಇನ್ನು 1962ರ ಜಕಾರ್ತದ ಏಷ್ಯನ್ ಕ್ರೀಡೆಗಳು. ಹೈದರಾಬಾದಿನ ಎಸ್. ಎ. ರಹೀಂ ಅವರು ಶಿಕ್ಷಕರು. ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿತ್ತು. ಅವರನ್ನು ಮನೆಗೆ ಕಳುಹಿಸುವ ಬದಲು ರಹೀಂ ಅವರು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು! ಸೆಮಿಫೈನಲಿನಲ್ಲಿ ಒಂದು, ದಕ್ಷಿಣ ಕೊರಿಯದ ಮೇಲಿನ ಅಂತಿಮ ಪಂದ್ಯದಲ್ಲಿ ಒಂದು ಗೋಲನ್ನು ಜರ್ನೈಲರು ಹೊಡೆದರು. ಅಂತಿಮ ಪಂದ್ಯವನ್ನು 2–1ರಿಂದ ಗೆದ್ದು ಸ್ವರ್ಣಪದಕವನ್ನು ತಂದರು. ಎದುರಾಳಿಯ ಗೋಲು ಬಂದುದು ಪಂದ್ಯದ ಕೊನೆಯಲ್ಲಿ. ಅಷ್ಟರಲ್ಲಿ ನಮ್ಮ ಗಂಟಿನಲ್ಲಿ ಎರಡು ಇದ್ದುವು. ಗಳಿಸಿದುದನ್ನು ಕಾಯುವುದು ಬೇರೆ, ಏನೂ ಗಳಿಸದೆ ಕಾಯುವುದು ಬೇರೆ.

ಹಾಗಾದರೆ ಈಗಿನ ಶಿಕ್ಷಕರು ರಹೀಂ ಅವರಂತೆ ಏಕೆ ಮಾಡಬಾರದು? ನಾವು ನೋಡಬೇಕಾದ ಮೂಲವು ಇಲ್ಲಿದೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಿ 2024–25ರವರೆಗೆ ಒಂದು ವರ್ಷವಾದರೂ ಅತ್ಯಧಿಕ ಗೋಲುಗಳ ಬಹುಮಾನವು ಭಾರತೀಯನಿಗೆ ಬಂದುದಿಲ್ಲ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಇಲ್ಲ! ಕ್ಲಬ್ಬಿನ ಯಜಮಾನರಿಗೆ ಬೇಕಾದುದು ಈ ಶನಿವಾರದ ಗೆಲುವು. ಗೋಲು ಹೊಡೆಯುವ ಜಾಗಕ್ಕೆ ಅವರು ಹಣ ಕೊಟ್ಟು ಹೊರದೇಶದವನನ್ನು ತರುತ್ತಾರೆ. ಒಂದು ಪಂದ್ಯಕ್ಕೆ ಇಳಿಸಬಹುದಾದ ವಿದೇಶೀಯರ ಸಂಖ್ಯೆಯನ್ನು ಮೊದಲಿದ್ದ ಆರರಿಂದ ಐದಕ್ಕೂ, 2021ರಿಂದ ನಾಲ್ಕಕ್ಕೂ ಇಳಿಸಿದರು. ಇದರಿಂದ ಬ್ಯಾಕುಗಳಿಗೂ ಪಕ್ಕದ ಆಟಗಾರರಿಗೂ ಅನುಕೂಲವಾಯಿತೇ ಹೊರತು ಮುಂದಿನ ಸಾಲಿನ ನಡುವಣ ಜಾಗವು ಬಿಡುಗಡೆಯಾಗಲಿಲ್ಲ. 2024–25ರಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲುಗಳನ್ನು ಹೊಡೆದವರು ಬೆಂಗಳೂರು ತಂಡದ ಛೇತ್ರಿಯವರು, ಹದಿನಾಲ್ಕು. ಅವರಿಗೆ ಆಗ ನಲವತ್ತು ವರ್ಷ. 2024ರ ಜೂನಿನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿ ಹೋದವರನ್ನು ಮರುವರ್ಷದ ಮಾರ್ಚಿನಲ್ಲಿ ಮತ್ತೆ ಕರೆತರಬೇಕಾಯಿತು. ಇದು ಅವರಿಗೆ ಭೂಷಣ, ನಮಗೆ ಲಜ್ಜೆ. ಇನ್ನು ಆಸ್ಟ್ರೇಲಿಯದಲ್ಲಿ ಹುಟ್ಟಿ ಬೆಂಗಳೂರು ತಂಡಕ್ಕೆ ಆಡುತ್ತಿದ್ದ ರಯಾನ್ ವಿಲಿಯಮ್ಸ್ ಅವರು 2025ರಲ್ಲಿ ಅಲ್ಲಿಯ ಪೌರತ್ವವನ್ನು ಬಿಟ್ಟು ಭಾರತದ ಪೌರತ್ವವನ್ನು ಸ್ವೀಕರಿಸಿದುದು ಸಂತೋಷದ ಸಂಗತಿಯೇ. ಆದರೆ ಒಬ್ಬರು ಬಂದರೆಂದು ನೂರು ಕೋಟಿಗೆ ಮೀರಿದ ಜನರಿರುವ ದೇಶವು ಹಿತ್ತಿಲನ್ನು ಪಾಳುಬಿಡಬಹುದೆ?

ಹಿತ್ತಿಲು ಬರಡಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲಿಯೇ ಇದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಗಳಿಗೆ ಬಂದ ಗೆಲುವು ಅದು. ಅಂದಿನ ಐದು ಗೋಲುಗಳನ್ನೂ ಹೊಡೆದವರು ಭಾರತದ ಹುಡುಗರೇ. ಆ ಪಂದ್ಯಾವಳಿಯಲ್ಲಿ ವಿದೇಶೀಯರಿಗೆ ಜಾಗವಿಲ್ಲವಾದ್ದರಿಂದ ಹೊಡೆಯದೆ ವಿಧಿಯಿಲ್ಲ. ಆದರೆ ಅಲ್ಲಿ ಗೋಲು ಹೊಡೆದ ಹುಡುಗನು ದೊಡ್ಡ ಲೀಗಿಗೆ ಬಂದರೆ ಅವನನ್ನು ಬಲಗಡೆಗೋ ಎಡಗಡೆಗೋ ತಳ್ಳುವರು, ಇಲ್ಲವೆ ಬೆಂಚಿನ ಮೇಲೆ ಕೂರಿಸುವರು. ನಡುವೆ ನಿಂತು, ಬೆನ್ನಿಗೆ ಇಬ್ಬರನ್ನು ಹೊತ್ತು, ಚೆಂಡನ್ನು ತಡೆದು ತಿರುಗಿ ಹೊಡೆಯುವ ಕಲೆಯನ್ನು ಅವನು ಎಲ್ಲಿ ಕಲಿಯಬೇಕು? ವರ್ಷವಿಡೀ ಆ ಜಾಗದಲ್ಲಿ ನಿಲ್ಲದವನನ್ನು ದೇಶದ ಅಂಗಿಯನ್ನು ತೊಡಿಸಿ ಒಮ್ಮೆಗೇ ಅಲ್ಲಿ ನಿಲ್ಲಿಸಿದರೆ ಅವನು ಏನು ಮಾಡಿಯಾನು? ಶಿಕ್ಷಕನು ಇದನ್ನೆಲ್ಲ ಬಲ್ಲನು. ಗೋಲು ಬರಲಾರದೆಂದು ಬಲ್ಲವನು ಗೋಲು ಕೊಡದಿರುವ ಉಪಾಯವನ್ನು ಹುಡುಕುತ್ತಾನೆ. ಗೋಡೆ ಹುಟ್ಟುವುದು ಹೀಗೆ.

ಆದುದರಿಂದಲೇ ಕಾನ್‌ಸ್ಟಂಟೈನರ ನಂತರ ಸ್ಟಿಮಾಚ್, ಅವರ ನಂತರ ಮಾರ್ಕೆಸ್, ಅವರ ನಂತರ ಖಾಲಿದ್ ಜಮೀಲ್ ಎಂದು ಹೆಸರುಗಳು ಬದಲಾದರೂ ಆಟದ ರೋಗವು ಬದಲಾಗಲಿಲ್ಲ. ಮಾರ್ಕೆಸ್ ಅವರಂತೂ ಮೊದಲ ವರ್ಷ ಗೋವೆಯ ಕ್ಲಬ್ಬನ್ನೂ ದೇಶದ ತಂಡವನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿದ್ದರು. ಇಂತಹ ಏರ್ಪಾಡಿಗೆ ಒಪ್ಪಿದ ಫೆಡರೇಷನ್ನಿನ ವಿವೇಕವನ್ನು ಏನೆಂದು ಹೊಗಳೋಣ! ಜಮೀಲ್ ಅವರು 2017ರಲ್ಲಿ ಐಜ್ವಾಲಿನಂತಹ ಸಣ್ಣ ತಂಡಕ್ಕೆ ಐ-ಲೀಗನ್ನು ಗೆದ್ದುಕೊಟ್ಟವರು. ಕಾದು ಹೊಡೆಯುವುದು ಅವರ ರೀತಿ. 2025ರ ಆಗಸ್ಟಿನಲ್ಲಿ ತಜಿಕಿಸ್ತಾನವನ್ನು ಅದರ ನೆಲದಲ್ಲಿಯೇ 2–1ರಿಂದ ಗೆದ್ದಾಗ, ಸೆಪ್ಟೆಂಬರಿನಲ್ಲಿ ಒಮಾನನ್ನು ಪೆನಾಲ್ಟಿಗಳಲ್ಲಿ ಸೋಲಿಸಿದಾಗ ಅದೇ ರೀತಿಯನ್ನು ಕೊಂಡಾಡಿದವರು ಎರಡು ತಿಂಗಳಲ್ಲಿ ಅದೇ ರೀತಿಯನ್ನು ಶಪಿಸಿದರು. ಆದರೂ ಶಿಕ್ಷಕರನ್ನು ಪೂರ್ಣವಾಗಿ ಬಿಡುಗಡೆ ಮಾಡಲು ನಾವು ಸಿದ್ಧರಿಲ್ಲ. ತಮ್ಮ ಸ್ವಂತ ಊರಿನಲ್ಲಿ, ತಮಗಿಂತ ಹೆಚ್ಚಲ್ಲದ ತಂಡದ ಎದುರಿನಲ್ಲಿ, ಮಡಗಾಂವಿನಲ್ಲಿ ಆದಂತೆ ಹದಿನಾಲ್ಕನೆಯ ನಿಮಿಷಕ್ಕೇ ಛಾಂಗ್ಟೆಯವರ ಗೋಲಿನಿಂದ ಮುಂದಾದ ಮೇಲೆ, ಎರಡನೆಯದನ್ನು ಹುಡುಕಿ ಹೊರಡುವ ಧೈರ್ಯವನ್ನು ಆಟಗಾರರಿಗೆ ಕೊಡುವುದು ಶಿಕ್ಷಕನ ಕೆಲಸ. ಅದಕ್ಕೆ ಲೀಗಿನ ನಿಯಮವನ್ನು ದೂರುವಂತಿಲ್ಲ.

ಉಳಿದುದು ಫೆಡರೇಷನ್ನಿನದು, ಕ್ಲಬ್ಬುಗಳದು. 2025ರ ಸೆಪ್ಟೆಂಬರಿನಲ್ಲಿ ಆರಂಭವಾಗಬೇಕಾಗಿದ್ದ ಲೀಗು ಒಪ್ಪಂದದ ಜಗಳದಿಂದ ಆ ವರ್ಷ ಆರಂಭವೇ ಆಗಲಿಲ್ಲ. ಆಟವೇ ನಿಂತಿದ್ದ ತಿಂಗಳುಗಳಲ್ಲಿ ಆಟಗಾರರು ದೇಶದ ಪಂದ್ಯಗಳಿಗೆ ಹೇಗೆ ಸಿದ್ಧರಾಗಿದ್ದರೆಂಬುದನ್ನು ಊಹಿಸಬಹುದು. ಲೀಗು ನಡೆಯುವಾಗ, ಪ್ರತಿಯೊಂದು ತಂಡವೂ ಮುಂದಿನ ಸಾಲಿನ ನಡುವೆ ಭಾರತೀಯನೊಬ್ಬನನ್ನು ಇಂತಿಷ್ಟು ನಿಮಿಷ ಆಡಿಸತಕ್ಕದ್ದೆಂದು ಏಕೆ ನಿಯಮ ಮಾಡಬಾರದು? ಕ್ಲಬ್ಬಿನವರು ಒಪ್ಪಲಾರರು, ಒಂದೆರಡು ವರ್ಷ ಗೋಲುಗಳು ಕಡಿಮೆಯಾಗುವುವು, ಟಿಕೆಟ್ಟುಗಳು ಖರ್ಚಾಗಲಿಕ್ಕಿಲ್ಲ. ನಷ್ಟವನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಫೆಡರೇಷನ್ನು ಕ್ಲಬ್ಬುಗಳೊಡನೆ ಕುಳಿತು ತೀರ್ಮಾನಿಸಲಿ. ಅಭಿಮಾನಿಗಳು ಕೂಡ ಶಿಕ್ಷಕನ ರಾಜೀನಾಮೆಗಾಗಿ ಕೂಗುವುದಕ್ಕೆ ಮೊದಲು ತಮ್ಮ ತಮ್ಮ ಕ್ಲಬ್ಬಿನ ಹನ್ನೊಂದು ಮಂದಿಯ ಪಟ್ಟಿಯನ್ನು ಓದಿ, ಗೋಲು ಹೊಡೆಯುವ ಜಾಗದಲ್ಲಿ ಯಾರ ಹೆಸರಿದೆಯೆಂದು ನೋಡಿ, ಕ್ಲಬ್ಬಿನ ಯಜಮಾನರನ್ನು ಕೇಳಲಿ.