ರಾಕ್ಷಸ ರಾಕ್ಷಸನಾಗುವ ಮೊದಲು…

ಸಿನಿಮಾ ನೋಡಿ ಹೊರಬಂದ ಮೇಲೆ ನಮ್ಮ ತಲೆಯಲ್ಲಿ ಎರಡು ಪ್ರಶ್ನೆ ಉಳಿಯುತ್ತವೆ. ಮುಂದೇನಾಯ್ತು ಅನ್ನೋದು ಒಂದು. ಇದಕ್ಕೂ ಮೊದಲು ಏನಾಗಿತ್ತು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಸೀಕ್ವೆಲ್, ಎರಡನೆಯದಕ್ಕೆ ಕೊಟ್ಟರೆ ಪ್ರೀಕ್ವೆಲ್. ಈ ‘ಮೊದಲು’ ಅನ್ನೋದನ್ನು ಹೇಳಲು ಅನಿಮೇಷನ್‌ಗಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ವಾದ. ಆ ದಾರಿಯಲ್ಲಿ ಹಾವೇರಿಯಂಥ ಜಿಲ್ಲೆಯ ಹುಡುಗರಿಗೂ ಜಾಗ ಇದೆ ಅನ್ನೋದು ಅದಕ್ಕಿಂತ ದೊಡ್ಡ ವಾದ.

2004ರಲ್ಲಿ ಹಾಲಿವುಡ್‌ನಲ್ಲಿ ‘ವ್ಯಾನ್ ಹೆಲ್ಸಿಂಗ್’ ಎಂಬ ಸಿನಿಮಾ ಬಂತು. ಹ್ಯೂ ಜಾಕ್‌ಮನ್ ಅದರಲ್ಲಿ ದೆವ್ವ, ರಾಕ್ಷಸರನ್ನು ಹುಡುಕಿ ಬೇಟೆಯಾಡುವವನು. ಸಿನಿಮಾದ ಶುರುವಿನಲ್ಲೇ ಆತ ಪ್ಯಾರಿಸ್‌ನಲ್ಲಿ ಮಿಸ್ಟರ್ ಹೈಡ್ ಎಂಬ ದೈತ್ಯನ ಜೊತೆ ಕಾದಾಡುತ್ತಾನೆ. ಈ ಹೈಡ್ ಯಾರು, ಇವರಿಬ್ಬರ ನಡುವಿನ ಹಳೆಯ ಲೆಕ್ಕ ಏನು? ಸಿನಿಮಾ ನಿಂತು ಹೇಳುವುದಿಲ್ಲ. ಅದನ್ನು ಹೇಳಿದ್ದು ಅದೇ ತಿಂಗಳು ಡಿವಿಡಿಯಲ್ಲಿ ಬಂದ ‘ದಿ ಲಂಡನ್ ಅಸೈನ್‌ಮೆಂಟ್’ ಎಂಬ ಅರ್ಧ ಗಂಟೆಯ ಅನಿಮೇಷನ್. ಲಂಡನ್‌ನಲ್ಲಿ ಹೈಡ್‌ನ ಬೆನ್ನು ಬಿದ್ದ ಕಥೆ ಅದರಲ್ಲಿದೆ. ದನಿ ಕೊಟ್ಟವನೂ ಜಾಕ್‌ಮನ್ನನೇ.

‘ಅದು ಬರೀ ಸಿನಿಮಾದ ಜಾಹೀರಾತು’ ಎಂದು ತಳ್ಳಿಹಾಕುವವರಿದ್ದಾರೆ. ಜಾಹೀರಾತು ಹೌದು. ಆದರೆ ಜಾಹೀರಾತು ಎಂದರೆ ಕಥೆ ಇರಬಾರದು ಅಂತೇನಿಲ್ಲವಲ್ಲ! ದೊಡ್ಡ ಸಿನಿಮಾದಲ್ಲಿ ಹೀರೊನ ಡೇಟ್ಸ್, ಸೆಟ್ಟಿನ ಖರ್ಚು, ಎರಡೂವರೆ ಗಂಟೆಯ ಮಿತಿ ಎಲ್ಲವೂ ಅಡ್ಡ ಬರುತ್ತವೆ. ಅನಿಮೇಷನ್‌ನಲ್ಲಿ ಒಂದು ಇಡೀ ನಗರ ಕಟ್ಟಲು ಸಿಮೆಂಟ್ ಬೇಕಿಲ್ಲ. ದೈತ್ಯನನ್ನು ಸಣ್ಣ ಹುಡುಗನಾಗಿ ತೋರಿಸಲು ಇನ್ನೊಬ್ಬ ನಟನೂ ಬೇಕಿಲ್ಲ.

ನಮ್ಮ ದೇಶದಲ್ಲೂ ಇದು ನಡೆದಿದೆ. ‘ಕಲ್ಕಿ 2898 ಎಡಿ’ 2024ರ ಜೂನ್ 27ಕ್ಕೆ ತೆರೆಗೆ ಬಂತು. ಅದಕ್ಕೂ ಸುಮಾರು ನಾಲ್ಕು ವಾರ ಮೊದಲು, ಮೇ 31ಕ್ಕೆ, ‘ಬುಜ್ಜಿ ಆ್ಯಂಡ್ ಭೈರವ’ ಎಂಬ ಎರಡು ಕಂತಿನ ಅನಿಮೇಷನ್ ಪ್ರೈಮ್ ವಿಡಿಯೊದಲ್ಲಿ ಬಂದಿತ್ತು. ಹಣಕ್ಕಾಗಿ ಅಪರಾಧಿಗಳನ್ನು ಹಿಡಿದುಕೊಡುವ ಭೈರವನಿಗೆ ಬುಜ್ಜಿ ಎಂಬ ಮಾತಾಡುವ ವಾಹನ ಹೇಗೆ ಜೊತೆಯಾಯಿತು ಎಂಬುದೇ ಅದರ ಕಥೆ. ಮಾಡಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್. ಹೌದು, ನಾವೆಲ್ಲ ಪೋಗೊ ಚಾನೆಲ್‌ನಲ್ಲಿ ಹಿಂದಿಯಲ್ಲೇ ನೋಡಿ ಬೆಳೆದ ‘ಛೋಟಾ ಭೀಮ್’ ಮಾಡಿದ ಅದೇ ಸಂಸ್ಥೆ. 2001ರಲ್ಲಿ ಅದನ್ನು ಕಟ್ಟಿದ ರಾಜೀವ್ ಚಿಲಕ ಓದಿದ್ದು ಕಂಪ್ಯೂಟರ್ ಸೈನ್ಸ್ ಎಂಬುದನ್ನು ನನ್ನ ಕ್ಲಾಸ್‌ಮೇಟ್‌ಗಳಿಗೆ ವಿಶೇಷವಾಗಿ ನೆನಪಿಸುತ್ತೇನೆ.

ಇನ್ನು ಕನ್ನಡಕ್ಕೆ ಬನ್ನಿ. 2022ರಲ್ಲಿ ‘ವಿಕ್ರಾಂತ್ ರೋಣ’ ಬಂತು. ಬ್ರಹ್ಮರಾಕ್ಷಸನ ಭಯದಲ್ಲಿ ನಡುಗುವ ಊರು, ಅಲ್ಲಿಗೆ ಬರುವ ಇನ್‌ಸ್ಪೆಕ್ಟರ್. ಅನಿಮೇಷನ್ ಪ್ರೀಕ್ವೆಲ್‌ಗೆ ಇದಕ್ಕಿಂತ ಬೇರೆ ಏನು ಬೇಕು? ಪ್ರೀಕ್ವೆಲ್ ಎಂದರೆ ಕನ್ನಡ ಪ್ರೇಕ್ಷಕರು ಬರುವುದಿಲ್ಲ ಎನ್ನುವ ಹಾಗೂ ಇಲ್ಲ. 2025ರ ‘ಕಾಂತಾರ: ಅಧ್ಯಾಯ 1’ ಪ್ರೀಕ್ವೆಲ್ಲೇ ಅಲ್ಲವೆ? ಅನಿಮೇಷನ್ ಎಂದರೆ ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಅದೇ ವರ್ಷದ ಜುಲೈನಲ್ಲಿ ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ್ ನರಸಿಂಹ’ ಭಾರತದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿತು. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೆ ಹೋಗಿ ‘ಕಾರ್ಟೂನ್’ ನೋಡಿ ಬಂದರು. ಹಾಗಾದರೆ ನಮ್ಮಲ್ಲಿ ಕೊರತೆ ಇರುವುದು ಎಲ್ಲಿ?

ನಾನು ಬ್ಯಾಡಗಿಯವನು. ಹಾವೇರಿಯಲ್ಲಿ ಬಿಇ ಓದುತ್ತಿದ್ದೇನೆ. ನಮ್ಮೂರ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಸತ್ವ ತಿಂಡಿ ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ನಮ್ಮಲ್ಲಿ ಚೀಲದ ಲೆಕ್ಕದಲ್ಲಿ ಮಾರಿದ್ದು ಆಮೇಲೆ ಎಲ್ಲೋ ಗ್ರಾಂ ಲೆಕ್ಕದಲ್ಲಿ, ಬೇರೆ ಹೆಸರಲ್ಲಿ ಮಾರಾಟವಾಗುತ್ತದೆ. ಕಥೆಗಳ ವಿಷಯದಲ್ಲೂ ನಮ್ಮ ಪಾಡು ಇದೇ. ಬಣ್ಣ ನಮ್ಮದು, ಬ್ರ್ಯಾಂಡ್ ಬೇರೆಯವರದು.

ರಾಕ್ಷಸನ ಬೇಟೆಯ ಕಥೆ ಬೇಕೆಂದರೆ ನಾವು ಲಂಡನ್‌ಗೆ ಹೋಗಬೇಕಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದರೆ ಸಾಕು. ನವರಾತ್ರಿಯಲ್ಲಿ ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸೇರಿದ ಜನಸಾಗರವೇ ಗಪ್‌ಚಿಪ್ ಆಗುತ್ತದೆ. ಆಮೇಲೆ ಬರುವ ಒಂದೇ ಒಂದು ಸಾಲಿನ ಕಾರಣಿಕದಲ್ಲಿ ರೈತರು ಮಳೆ ಬೆಳೆ ಹುಡುಕುತ್ತಾರೆ, ರಾಜಕಾರಣಿಗಳು ಕುರ್ಚಿ ಹುಡುಕುತ್ತಾರೆ. ತುಂಗಭದ್ರೆಯ ಆಚೆ ದಂಡೆಯ ಮೈಲಾರದ ಕಾರಣಿಕವಂತೂ ನಾಡಿಗೇ ಗೊತ್ತು. ಇದರ ಹಿಂದಿರುವುದು ಶಿವ ಏಳು ಕೋಟಿ ದಂಡು ಕಟ್ಟಿಕೊಂಡು ಮಣಿ, ಮಲ್ಲ ಎಂಬ ರಾಕ್ಷಸ ಸಹೋದರರ ಮೇಲೆ ಏರಿಹೋದ ಕಥೆ. ‘ಏಳುಕೋಟಿ ಏಳುಕೋಟಿಗೋ’ ಎಂಬ ಘೋಷ ಹುಟ್ಟಿದ್ದೇ ಅಲ್ಲಿಂದ. ಕಪ್ಪು ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ, ಕೊರಳಲ್ಲಿ ಕವಡೆ ಸರ, ಕೈಯಲ್ಲಿ ಡಮರುಗ: ಗೊರವಪ್ಪನ ವೇಷವನ್ನು ಯಾವ ಕ್ಯಾರೆಕ್ಟರ್ ಡಿಸೈನರ್ ತಾನೇ ಇದಕ್ಕಿಂತ ಚೆನ್ನಾಗಿ ಬರೆದಾನು?

ಇದೇ ದೇವರು ಮಹಾರಾಷ್ಟ್ರದಲ್ಲಿ ಖಂಡೋಬಾ. ಅಲ್ಲಿ 2014ರಲ್ಲಿ ‘ಜೈ ಮಲ್ಹಾರ್’ ಎಂಬ ಧಾರಾವಾಹಿ ಬಂದು ಮನೆಮಾತಾಯಿತು. ಖಂಡೋಬಾನ ಪುರಾಣದಲ್ಲಿ ಒಂದು ವಿಶೇಷ ಇದೆ. ಮಣಿ ಕೊನೆಗೆ ಕ್ಷಮೆ ಕೇಳುತ್ತಾನೆ, ದೇವರ ಸನ್ನಿಧಿಯಲ್ಲೇ ತನಗೂ ಒಂದು ಜಾಗ ಬೇಡುತ್ತಾನೆ, ಅದು ಸಿಗುತ್ತದೆ. ಅಂಥವನು ಮೊದಲು ಏನಾಗಿದ್ದ? ವರ ಸಿಗುವ ಮುನ್ನ ಅಣ್ಣತಮ್ಮಂದಿರು ಹೇಗಿದ್ದರು? ವರ ಸಿಕ್ಕ ಕೂಡಲೇ ಕೆಟ್ಟರೋ, ನಿಧಾನವಾಗಿ ಕೆಟ್ಟರೋ? ಯುದ್ಧವನ್ನು ಯಾರು ಬೇಕಾದರೂ ತೋರಿಸಬಹುದು. ಈ ಪ್ರಶ್ನೆಗಳನ್ನು ಕೇಳಲು ಪ್ರೀಕ್ವೆಲ್ಲೇ ಬೇಕು. ಒಬ್ಬ ಮನುಷ್ಯ ಹೇಗೆ ರಾಕ್ಷಸನಾಗುತ್ತಾನೆ ಎಂದು ತಿಳಿಯುವ ಅಗತ್ಯ ಇವತ್ತಿನ ನಮ್ಮ ವಯಸ್ಸಿನವರಿಗೆ ಇದೆ ಎಂದೇ ನನಗನ್ನಿಸುತ್ತದೆ.

‘ಲೇ, ಕಾರ್ಟೂನ್ ನೋಡಕೋಂತ ಕುಂತ್ರ ಪ್ಲೇಸ್‌ಮೆಂಟ್ ಆಗ್ತೈತೇನೋ?’ ಎಂದು ದೋಸ್ತರು ಕೇಳುತ್ತಾರೆ. ಮನೆಯಲ್ಲಿ ಕಾಕಾನದು ಇನ್ನೂ ನೇರ ಪ್ರಶ್ನೆ: ‘ಗೊಂಬಿ ಬರಿಯೋದ್ರಿಂದ ಹೊಟ್ಟಿ ತುಂಬತೈತೇನಪಾ?’ ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಕೆಲಸದ ಚಿಂತೆ ಇಲ್ಲದ ಬಿಇ ವಿದ್ಯಾರ್ಥಿಯನ್ನು ನಾನಂತೂ ನೋಡಿಲ್ಲ. ಅನಿಮೇಷನ್‌ನಲ್ಲಿ ಎಲ್ಲರಿಗೂ ಕೆಲಸ ಗ್ಯಾರಂಟಿ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಭಾರತದ ಎಷ್ಟೋ ಸ್ಟುಡಿಯೊಗಳು ವಿದೇಶದವರ ಕಥೆಗೆ ಕೂಲಿ ಕೆಲಸ ಮಾಡುತ್ತಿವೆ. ಆ ಕೂಲಿಯ ಕೆಲಸಕ್ಕೇ ಈಗ ಎಐ ಕೈ ಹಾಕಿದೆ. ಹಾಗಿದ್ದರೆ ಉಳಿಯುವುದು ಏನು? ಯಾರ ಹತ್ತಿರ ಸ್ವಂತ ಕಥೆ ಇದೆಯೋ ಅವರ ಕೆಲಸ ಮಾತ್ರ. ಆ ಆಸ್ತಿ ನಮ್ಮ ಹತ್ತಿರ ಬೇಕಾದಷ್ಟಿದೆ.

ಅವಕಾಶವೂ ಕಾಗದದ ಮೇಲೆ ಇದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು ನೀತಿ ಮಾಡಿದ್ದು ಕರ್ನಾಟಕ, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಆದರೆ ಅದರ ಸೆಂಟರ್ ಆಫ್ ಎಕ್ಸಲೆನ್ಸ್ ಇರುವುದು ಬೆಂಗಳೂರಿನಲ್ಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದಲ್ಲಿರುವ ಮೂರು ಊರು. ಇಲ್ಲಿ ಕೋಚಿಂಗ್ ಬೋರ್ಡುಗಳನ್ನು ಎಣಿಸಿದರೆ ಪೊಲೀಸ್, ಕೆಎಎಸ್, ಬ್ಯಾಂಕಿಂಗ್ ಸಿಗುತ್ತವೆ. ಅನಿಮೇಷನ್ ಕಲಿಯಬೇಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಬ್ಯಾಗ್ ಕಟ್ಟಬೇಕು.

ಸಾಫ್ಟ್‌ವೇರ್ ದುಬಾರಿ ಎಂಬ ನೆಪ ಈಗ ನಡೆಯುವುದಿಲ್ಲ. ‘ಬ್ಲೆಂಡರ್’ ಪೂರ್ತಿ ಉಚಿತ. ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ‘ಫ್ಲೋ’ ಎಂಬ ಚಿತ್ರವನ್ನು ಅದರಲ್ಲೇ ಮಾಡಿದರು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದದ್ದು ಅದೇ. ಅಂದಮೇಲೆ ನಮ್ಮ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಅದನ್ನು ಹಾಕಿಕೊಳ್ಳಲು ಅಡ್ಡಿ ಏನು?

ಆದರೆ ಒಂದು ಎಚ್ಚರ ಬೇಕು. ಮೈಲಾರನ ಕಥೆ ಯಾರೂ ವಾರಸುದಾರರಿಲ್ಲದೆ ಬಿದ್ದಿರುವ ಸರಕಲ್ಲ. ಗೊರವರ ಪಾಲಿಗೆ ಅದು ಬದುಕು, ಭಕ್ತಿ. ಲಂಡನ್ನಿನ ಹೈಡ್‌ನನ್ನು ಹೇಗೆ ಬೇಕಾದರೂ ಬರೆಯಬಹುದು, ಇಲ್ಲಿ ಹಾಗಾಗದು. ಅವರನ್ನು ಕೇಳಬೇಕು, ಅವರ ಡಮರುಗ ರೆಕಾರ್ಡ್ ಮಾಡಿಕೊಂಡರೆ ಹೆಸರೂ ಹಾಕಬೇಕು, ದುಡ್ಡೂ ಕೊಡಬೇಕು. ಮೆಣಸಿನಕಾಯಿಯಲ್ಲಿ ನಮಗೆ ಬೇರೆಯವರು ಮಾಡಿದ್ದನ್ನು ಕಥೆಯಲ್ಲಿ ನಾವು ಗೊರವರಿಗೆ ಮಾಡಬಾರದು. ರಾಕ್ಷಸ ಎಂದ ಕೂಡಲೇ ಕಪ್ಪು ಬಣ್ಣ ಬಳಿಯುವ ಹಳೆಯ ಚಾಳಿಯನ್ನೂ ಬಿಡಬೇಕು.

ಇದಕ್ಕೆಲ್ಲ ದಾರಿ ತೋರಿಸುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಹಾವೇರಿ, ರಾಣೆಬೆನ್ನೂರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಥೆ ಬಲ್ಲವರು, ಇಲ್ಲಿ ಕೋಡ್ ಬಲ್ಲವರು. ಇವರಿಬ್ಬರೂ ಒಂದು ಟೇಬಲ್‌ಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದರ್ಧದ ಲೆಕ್ಕ ಹೀಗಿದೆ. ಸೆಕೆಂಡಿಗೆ 24 ಫ್ರೇಮ್‌ನಂತೆ ಅರ್ಧ ಗಂಟೆಗೆ 43,200 ಫ್ರೇಮ್ ಬೇಕು. ಅದು ನಮ್ಮ ಕೈಲಾಗದು. ಎರಡೇ ನಿಮಿಷಕ್ಕಾದರೆ 2,880. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವ ರೂಢಿಯಂತೆ ಮಾಡಿದರೆ 1,440 ಚಿತ್ರ. ನಾಲ್ಕು ಜನರ ತಂಡಕ್ಕೆ ತಲಾ 360. ಒಂದು ವರ್ಷದ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದು ಹೆಚ್ಚಾಯಿತೆ? ಪ್ರತಿ ಬ್ಯಾಚ್‌ನಲ್ಲೂ ಮುಖ ಗುರುತಿಸಿ ಹಾಜರಿ ಹಾಕುವ ಅದೇ ಪ್ರಾಜೆಕ್ಟ್ ಮಾಡಿ ಸಾಕಾಗಿದೆ. ಮಾರ್ಗದರ್ಶನ ಮಾಡುವ ಮೇಷ್ಟ್ರುಗಳು ಇದಕ್ಕೂ ಪ್ರಾಜೆಕ್ಟ್ ಎಂದು ಸಹಿ ಹಾಕಲಿ ಎಂಬುದಷ್ಟೇ ನನ್ನ ಬೇಡಿಕೆ. ನಮ್ಮ ಎರಡು ನಿಮಿಷ ನೋಡಿ ಯಾರಾದರೂ ಎರಡೂವರೆ ಗಂಟೆಯ ಸಿನಿಮಾ ಮಾಡಲು ಮುಂದಾದರೆ, ಆ ಸಿನಿಮಾದ ಪ್ರೀಕ್ವೆಲ್ ಹಾವೇರಿಯಲ್ಲಿ ಮೊದಲೇ ತಯಾರಾಗಿರುತ್ತದೆ.