ಸಂಘಕ್ಕ ಸೇರ್ರಿ, ನಾಲಿಗಿ ಬಿಟ್ಟು ಅಲ್ಲ

ಯಾದಗಿರಿ, ಶಹಾಪುರ, ಸುರಪುರದಿಂದ ಬಿಇ ಸೀಟು ಹಿಡಿದು ಬೆಂಗಳೂರಿಗೆ ಬರೋ ಹುಡುಗ್ರು ಒಮ್ಮೆಯಾದ್ರೂ ಕೇಳ್ತಾರ: "ಅಣ್ಣಾ, ಕಾಲೇಜಿನ ಕನ್ನಡ ಸಂಘ ಸೇರ್ಬೇಕೋ ಬ್ಯಾಡೋ?" ಸೇರ್ರಪ್ಪಾ, ಸೇರಲೇಬೇಕು. ಆದ್ರ ಒಂದು ಷರತ್ತು ಅದ.

ಈ ಸಂಘಗಳು ನವೆಂಬರಿನಲ್ಲಿ ಏನು ಮಾಡ್ತಾವಂತ ನಮಗೆಲ್ಲ ಗೊತ್ತು. ಹಳದಿ-ಕೆಂಪು ಟೀಶರ್ಟು, ಡೊಳ್ಳು, ಸಿನಿಮಾ ಹಾಡು, ಕಡೀಗೊಂದು ಸ್ಕಿಟ್ಟು. ನಾನು ಓದಿದ ಕಾಲೇಜಿನಲ್ಲಿ ಸ್ಕಿಟ್ಟಿನ ಹೀರೋ ಮಾತಾಡ್ತಿದ್ದುದು ಬೆಂಗಳೂರು-ಮೈಸೂರು ಕನ್ನಡ. ವಾಚ್‌ಮನ್, ಕುಡುಕ, ಪೆದ್ದ ಮಾತ್ರ "ಯಾಕಲೇ, ಏನ್ ಮಾಡಾಕತ್ತೀ" ಅನ್ನಬೇಕು. ಆ ಪಾತ್ರಕ್ಕ ಹುಡುಕ್ಕೊಂಡು ಬರ್ತಿದ್ದುದು ನಮ್ಮನ್ನೇ. ಅದ್ರಾಗ ಬ್ಯಾರೆ ಜೋಕೇ ಇರ್ತಿರಲಿಲ್ಲ, ನಮ್ಮ ಮಾತೇ ಜೋಕು.

"ತಮಾಷೆಗೆ ಬಿಡ್ರೀ" ಅಂತೀರಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಇಂಗ್ಲಿಷಿಗೆ ಹೆದರಿ ಕ್ಲಾಸಿನಲ್ಲಿ ಮೊದಲೇ ಸುಮ್ಮನಿರ್ತಾನ. ಕನ್ನಡಕ್ಕೂ ನಕ್ಕರ ಇನ್ನೆಲ್ಲಿ ಬಾಯಿ ತೆರೀಬೇಕು? ಡೌಟು ಕೇಳೋದು ನಿಲ್ತದ, ವೈವಾದಾಗ ತೊದಲ್ತಾನ, ಸೆಮಿಸ್ಟರ್ ಹಿಂದ ಬೀಳ್ತದ. ಮ್ಯಾಲ "371ಜೆ ಸೀಟಾ?" ಅನ್ನೋ ಕೊಂಕು ಬ್ಯಾರೆ.

ನಗೋರಿಗೆ ಸ್ವಲ್ಪ ಇತಿಹಾಸ ಹೇಳಬೇಕಾಗ್ಯದ. 9ನೇ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಅದೇ ಇಂದಿನ ಮಳಖೇಡ, ನಮ್ಮ ಪಕ್ಕದ ಕಲಬುರಗಿ ಜಿಲ್ಲೆ. ಕನ್ನಡದೊಳಗೆ ಹಲವು ಕನ್ನಡಗಳಿವೆ ಎಂದು ಆ ಗ್ರಂಥವೇ ಒಪ್ಪಿಕೊಂಡಿದೆ. ವಚನಕಾರ ದೇವರ ದಾಸಿಮಯ್ಯನ ಮುದನೂರು ಇರೋದು ಸುರಪುರ ಸೀಮೆಯಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ ಉರ್ದು, ಓದು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಅಷ್ಟರೊಳಗೂ ನಮ್ಮ ಹಿರಿಯರು ಹೊಲ, ಮನಿ, ಮಠದಾಗ ಕನ್ನಡ ಬಿಡಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗೀತು. 1956ರ ನವೆಂಬರ್ 1ಕ್ಕೆ ನಾವು ನಿಮ್ಮ ಜೊತೆ ಒಂದಾದೆವು.

ನೀವು ರಾಜ್ಯೋತ್ಸವ ಆಚರಿಸೋದೇ ಆ ಒಂದಾದ ದಿನಕ್ಕ. ಅದೇ ದಿನ, ಅದೇ ವೇದಿಕೆ ಮ್ಯಾಲ, ಬಂದು ಸೇರಿದವರ ಮಾತಿಗೆ ನಗ್ತೀರಲ್ಲ, ಇದೆಂಥ ಹಬ್ಬ?

"ಹಂಗಾದ್ರ ನಮ್ಮದೇ ಬ್ಯಾರೆ ಸಂಘ ಕಟ್ಟೋಣ" ಅನ್ನೋ ಗೆಳೆಯರೂ ಅದಾರ. ಅಲ್ಲಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಸಿಗ್ತದ, ಖರೆ. ಆದ್ರ ನಾವು ಎದ್ದು ಬಂದ್ರ ಆ ಸ್ಕಿಟ್ಟು ನಿಲ್ಲೋದಿಲ್ಲ. ನಮ್ಮ ಪಾತ್ರ ಇನ್ಯಾರೋ ಇನ್ನೂ ಕೆಟ್ಟದಾಗಿ ಮಾಡ್ತಾರ. ಕನ್ನಡ ಸಂಘ ಅಂತ ಬೋರ್ಡು ಹಾಕಿದ ಮ್ಯಾಲ ಅದ್ರಾಗ ನಮ್ಮ ಪಾಲೂ ಅದ. ಪಾಲು ಬಿಟ್ಟು ಯಾಕ ಬರಬೇಕು?

ಅದಕ್ಕ ನನ್ನ ಷರತ್ತು ಇಷ್ಟೇ: ಬರೀ ಕುರ್ಚಿ ಹಾಕಾಕ, ಬ್ಯಾನರ್ ಕಟ್ಟಾಕ ಹೋಗಬ್ಯಾಡ್ರಿ. ಸಮಿತಿಗೆ ನಿಲ್ರಿ. ಸ್ಕಿಟ್ಟು ನೀವೇ ಬರೀರಿ, ಹೀರೋಯಿನ್ ಶಹಾಪುರದ ಕನ್ನಡ ಮಾತಾಡ್ಲಿ. ನಿರೂಪಣೆ ನಿಮ್ಮ ಮಾತಿನಾಗೇ ಮಾಡ್ರಿ. ನವೆಂಬರ್ ಮುಗಿದ ಮ್ಯಾಲ ಸಂಘ ಮಲಗಾಕ ಬಿಡಬ್ಯಾಡ್ರಿ. ಫಸ್ಟ್ ಇಯರಿನ ಕನ್ನಡ ಮಾಧ್ಯಮದ ಹುಡುಗ್ರನ್ನ ವಾರಕ್ಕ ಎರಡು ಸಂಜೆ ಕೂಡಿಸಿ ಗಣಿತ, ಸಿ ಪ್ರೋಗ್ರಾಮಿಂಗ್ ಕನ್ನಡದಾಗ ಹೇಳಿಕೊಡ್ರಿ. ಒಬ್ಬ ಹುಡುಗ ಎದ್ದು ನಿಂತು "ಸರ್, ಇದು ತಿಳೀಲಿಲ್ರೀ" ಅಂದು ಯಾರೂ ನಗದಿದ್ದರ, ಅವತ್ತೇ ಖರೆ ರಾಜ್ಯೋತ್ಸವ.